ಪರ್ಸಿನ ಅಂಚು ಎರಡೇ ತಿಂಗಳಿಗೆ ಸುಲಿದು ಬಂತು, ಏನು ಮಾಡಲಿ?

ದಾವಣಗೆರೆಯಿಂದ ಪ್ರಶ್ನೆ:
ಮನೆಯಲ್ಲೇ ಕೈಹೊಲಿಗೆಯಲ್ಲಿ ಚರ್ಮದ ಕಾರ್ಡ್ ಪರ್ಸು, ಬೆಲ್ಟು ಮಾಡಲು ಶುರುಮಾಡಿ ಒಂದು ವರ್ಷ ಆಯ್ತು. ಹೊಲಿಗೆ ಪರವಾಗಿಲ್ಲ, ಅಂಚು ಮಾತ್ರ ಮಾನ ತೆಗೆಯುತ್ತಿದೆ. ಭಾವನಿಗೆ ಕೊಟ್ಟ ಪರ್ಸಿನ ಎಡ್ಜ್ ಪೇಂಟ್ ಎರಡೇ ತಿಂಗಳಿಗೆ ಹಾವಿನ ಪೊರೆ ಹಾಗೆ ಉದ್ದಕ್ಕೆ ಕಿತ್ತು ಬಂತು. ಬೆಲ್ಟಿನ ಅಂಚಿಗೆ ನೀರು ಹಚ್ಚಿ ಎಷ್ಟು ಉಜ್ಜಿದರೂ ನಾರು ಏಳುತ್ತದೆ. ಪೇಂಟ್ ಒಳ್ಳೆಯದಾ, ಉಜ್ಜೋದಾ? ಮಾಡಿ ನೋಡಿದವರು ಹೇಳಿ.

ಬೆಂಗಳೂರಿನಿಂದ:
ಮೊದಲು ಚರ್ಮ ಯಾವುದು ನೋಡಿ ಮೇಡಂ. ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ ವೆಜ್ ಟ್ಯಾನ್ ಚರ್ಮದ ನಾರು ನೀರು ತಾಕಿದರೆ ಮೆತ್ತಗಾಗುತ್ತದೆ. ಉಜ್ಜಿದ ಬಿಸಿಗೆ ಒಂದಕ್ಕೊಂದು ಒತ್ತಿಕೊಂಡು ಹಾಗೇ ಗಟ್ಟಿಯಾಗುತ್ತದೆ. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಕ್ರೋಮ್ ಟ್ಯಾನ್ ಸ್ಪಂಜಿನ ಜಾತಿ. ಒತ್ತಿದರೆ ಮತ್ತೆ ಏಳುತ್ತದೆ. ಅದನ್ನು ಉಜ್ಜುತ್ತಾ ಕೂತರೆ ಕೈಗೆ ಬೊಬ್ಬೆ ಬರುತ್ತದೆ ಅಷ್ಟೇ. ಮೊದಲ ಆರು ತಿಂಗಳು ನಾನು ಮಾಡಿದ್ದು ಅದನ್ನೇ!

ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿಯಿರಿ. ನಡುವೆ ನೀಲಿ ಬೂದು ಗೆರೆ ಕಂಡರೆ ಬಹುತೇಕ ಕ್ರೋಮ್. ತಿಳಿ ಕಂದು ಬಣ್ಣ ಇದ್ದು, ಹನಿ ನೀರು ಬಿಟ್ಟ ತಕ್ಷಣ ಕುಡಿದು ಕಪ್ಪಾದರೆ ವೆಜ್ ಟ್ಯಾನ್ ಇರಬೇಕು. ಒಳಗಿನ ತನಕ ಬಣ್ಣ ಹಾಕಿದ ಚರ್ಮದಲ್ಲಿ ಈ ಗುರುತು ಸಿಗುವುದಿಲ್ಲ. ಆಗ ಒಂದು ಚೂರನ್ನು ಉಜ್ಜಿಯೇ ನೋಡಬೇಕು.

ಬೆಲ್ಟು ವೆಜ್ ಟ್ಯಾನ್ ಆಗಿದ್ದೂ ನಾರು ಏಳುತ್ತಿದ್ದರೆ ನನಗೆ ಎರಡು ಅನುಮಾನ. ಒಂದು, ನೀರು ಜಾಸ್ತಿ ಆಗಿದೆ. ಅಂಚು ತೇವ ಆದರೆ ಸಾಕು, ತೊಯ್ಯಬಾರದು. ಇನ್ನೊಂದು, ಪಟ್ಟಿ ಹೊಟ್ಟೆ ಭಾಗದ್ದು. ಅಲ್ಲಿ ನಾರು ಸಡಿಲ, ಬೆನ್ನಿನ ಕಡೆ ಬಿಗಿ. ಹೊಟ್ಟೆಯ ಚರ್ಮಕ್ಕೆ ಏನು ಮಾಡಿದರೂ ಗಾಜಿನಂಥ ಅಂಚು ಬರುವುದಿಲ್ಲ.

ನಾನು ಮಾಡುವುದು ಹೀಗೆ. ಬೆವೆಲರ್‌ನಲ್ಲಿ ಎರಡೂ ಬದಿಯ ಚೂಪು ಕೋನ ತೆಗೆಯುತ್ತೇನೆ. ತೆಗೆಯದೆ ಉಜ್ಜಿದರೆ ಅಂಚು ಅಣಬೆಯ ತಲೆ ಹಾಗೆ ಎರಡು ಕಡೆಗೂ ಹರಡಿಕೊಳ್ಳುತ್ತದೆ. ಆಮೇಲೆ ಉಪ್ಪುಕಾಗದ: 220, 400, 600 ನಂಬರಿನವು, ಒರಟಿನಿಂದ ನಯಕ್ಕೆ. ಬಣ್ಣ ಹಾಕುವುದಿದ್ದರೆ ಈಗಲೇ. ನಂತರ ತೇವ ಮಾಡಿ, ಟೊಕೊನೊಲೆ (ಅಂಚು ನಯ ಮಾಡುವ ಲೇಪ) ತೆಳುವಾಗಿ ಸವರಿ, ಅಂಚು ಉಜ್ಜುವ ಮರದ ಸ್ಲಿಕ್ಕರ್‌ನಲ್ಲಿ ಹಗುರವಾಗಿ, ಬೇಗ ಬೇಗ ಉಜ್ಜುವುದು. ಬಲ ಹಾಕಿದರೆ ಅಂಚು ಬಾಗುತ್ತದೆ. ಒಣಗಿದ ಮೇಲೆ 600ರಲ್ಲಿ ಇನ್ನೊಮ್ಮೆ ಮೆಲ್ಲಗೆ ತಿಕ್ಕಿ, ಮತ್ತೆ ಟೊಕೊನೊಲೆ. ಎರಡನೇ ಸಲಕ್ಕೇ ನಿಜವಾದ ಹೊಳಪು ಬರುವುದು. ಕೊನೆಗೆ ಜೇನುಮೇಣ ಸವರಿ ಹಳೇ ಜೀನ್ಸ್ ಬಟ್ಟೆಯಲ್ಲಿ ಉಜ್ಜುತ್ತೇನೆ.

ಟೊಕೊನೊಲೆ ಜಪಾನಿನದು, ದುಬಾರಿ. ಕಲಿಯುವಾಗ ಸಿಎಂಸಿ (ನೀರಿನಲ್ಲಿ ಅಂಟಾಗುವ ಸೆಲ್ಯುಲೋಸ್) ಪುಡಿ ಸಾಕು. ಅರ್ಧ ಚಮಚ ಪುಡಿಯನ್ನು ಒಂದು ಲೋಟ ನೀರಿಗೆ ಉದುರಿಸಿ ರಾತ್ರಿ ಬಿಟ್ಟರೆ ಬೆಳಗ್ಗೆ ಗಂಜಿಯ ಹಾಗೆ ಆಗಿರುತ್ತದೆ. ಗ್ರಂಧಿಗೆ ಅಂಗಡಿಯ ಗೋಂದ್ ಕತೀರಾ ನೆನೆಸಿಯೂ ನೋಡಿದ್ದೇನೆ. ಕೆಲಸ ಮಾಡಿತು, ಆದರೆ ನಾಲ್ಕನೇ ದಿನ ವಾಸನೆ ಬಂದು ಮನೆಯವರು ಡಬ್ಬಿ ಸಮೇತ ಎಸೆದರು.

ಉಡುಪಿಯಿಂದ:
ಪೇಂಟ್ ಕಥೆ ನಾನು ಹೇಳುತ್ತೇನೆ. ಉದ್ದಕ್ಕೆ ಕಿತ್ತು ಬಂತು ಅಂದರೆ ಅದು ಚರ್ಮಕ್ಕೆ ಹಿಡಿದೇ ಇರಲಿಲ್ಲ ಅಂತ ಅರ್ಥ. ಮೇಣ ಏನಾದರೂ ಹಚ್ಚಿದ್ದಿರಾ? ನಾನು ಒಮ್ಮೆ ಚೆನ್ನಾಗಿ ಹೊಳೆಯಲಿ ಅಂತ ಮೊದಲು ಮೇಣ ಉಜ್ಜಿ, ಅದರ ಮೇಲೆ ಪೇಂಟ್ ಹಾಕಿದ್ದೆ. ಎಂಟು ಪರ್ಸು. ಎಂಟೂ ವಾಪಸ್ ಬಂದವು. ಮೇಣ ಯಾವತ್ತೂ ಕೊನೆಗೆ.

ಅಂಟು ಇನ್ನೊಂದು ತೊಂದರೆ. ಪದರಗಳ ನಡುವಿನ ರಬ್ಬರ್ ಸೊಲ್ಯೂಷನ್ ಅಂಚಿಗೆ ಉಕ್ಕಿ ಒಣಗಿದ್ದರೆ ಅದರ ಮೇಲೆ ಪೇಂಟ್ ನಿಲ್ಲುವುದಿಲ್ಲ. ತಿಕ್ಕಿ ತೆಗೆಯಿರಿ. ಮೂರು ಪದರವೂ ಒಂದೇ ತುಂಡು ಅನ್ನುವಷ್ಟು ಸಮ ಆಗಬೇಕು. ಉಗುರು ಎಳೆದರೆ ಎಲ್ಲೂ ಸಿಕ್ಕಬಾರದು.

ಪೇಂಟ್ ಒಂದೇ ಸಲ ದಪ್ಪಗೆ ಹಾಕಬೇಡಿ. ಮೊದಲ ಕೋಟ್ ತೆಳು, ನಾರಿನೊಳಗೆ ಇಳಿಯುವ ಹಾಗೆ. ಪೂರ್ತಿ ಒಣಗಿದ ಮೇಲೆ 400ರಲ್ಲಿ ತಿಕ್ಕಿ, ಇನ್ನೊಂದು. ನಾನು ನಾಲ್ಕು ಕೋಟ್ ಹಾಕುತ್ತೇನೆ. ನಡುವೆ ಬಿಸಿ ಕಬ್ಬಿಣ ಆಡಿಸಿದರೆ ಉಬ್ಬುತಗ್ಗು ಕೂರುತ್ತದೆ. ಜಾಸ್ತಿ ಬಿಸಿಯಾದರೆ ಗುಳ್ಳೆ ಏಳುತ್ತದೆ, ಹುಷಾರು. ನಮ್ಮಲ್ಲಿ ಜುಲೈನಲ್ಲಿ ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಒಳಗೆ ಹಸಿ. ಆಗ ಎರಡು ಪರ್ಸು ಒತ್ತಿಟ್ಟರೆ ಬೆಳಗ್ಗೆ ಅಂಟಿಕೊಂಡಿರುತ್ತವೆ. ಮಳೆಗಾಲದಲ್ಲಿ ಒಂದು ಕೋಟ್‌ಗೆ ಒಂದು ದಿನ ಬಿಡುತ್ತೇನೆ. ನಿಮ್ಮ ದಾವಣಗೆರೆಗೆ ಅಷ್ಟು ಬೇಕಾಗಲಿಕ್ಕಿಲ್ಲ.

ಅಥಣಿ ಕಡೆಯಿಂದ:
ತಂಗೀ, ಉಪ್ಪುಕಾಗದಕ್ಕಿಂತ ಮೊದಲು ರಂಪಿಗೆ, ಅಂದರೆ ಚರ್ಮ ಕೊಯ್ಯುವ ಅಲಗು, ಮಸೆ. ನಮ್ಮ ಮನೆಯಲ್ಲಿ ಚಪ್ಪಲಿ ಕೆಲಸ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ (ಭೌಗೋಳಿಕ ಗುರುತು) ಸಿಕ್ಕಿತಲ್ಲ, ಅದರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೂ ಇದೆ. ಪೇಂಟ್ ಗೀಂಟ್ ನಮ್ಮಪ್ಪ ಕಂಡವರಲ್ಲ. ಮೊಂಡು ಅಲಗು ನಾರನ್ನು ಕೊಯ್ಯುವುದಿಲ್ಲ, ಎಳೆಯುತ್ತದೆ. ಎಳೆದ ನಾರನ್ನು ಆಮೇಲೆ ಎಷ್ಟು ಉಜ್ಜಿದರೂ ಸುಮ್ನೆ. ಅಲಗು ನೆಟ್ಟಗೆ ಹಿಡಿದು ಒಂದೇ ಎಳೆತಕ್ಕೆ ಕೊಯ್ಯಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ದಾವಣಗೆರೆಯಿಂದ, ಮೂರು ವಾರದ ನಂತರ:
ಎಲ್ಲರಿಗೂ ಥ್ಯಾಂಕ್ಸ್. ಪರ್ಸಿನ ಚರ್ಮ ಕ್ರೋಮ್, ನಡುವೆ ನೀಲಿ ಗೆರೆ ಕಂಡಿತು. ಉಡುಪಿಯವರು ಹೇಳಿದ್ದು ಸರಿ, ಪೇಂಟ್‌ಗೆ ಮೊದಲು ಮೇಣ ಹಚ್ಚಿದ್ದೆ. ಈಗ ಮೂರು ತೆಳು ಕೋಟ್ ಹಾಕಿದ್ದೇನೆ, ಉಗುರಲ್ಲಿ ಕೆರೆದರೂ ಏಳಲಿಲ್ಲ. ಅಲಗು ಮಸೆದ ಮೇಲೆ ಬೆಲ್ಟಿನ ಒಂದು ಅಂಚು ಕನ್ನಡಿ ಹಾಗೆ ಬಂದಿದೆ ಅಣ್ಣ. ಅದೇ ಬೆಲ್ಟಿನ ಇನ್ನೊಂದು ಅಂಚು ಮಾತ್ರ ಇನ್ನೂ ಬೆಕ್ಕಿನ ಮೀಸೆ. ಆ ಕಡೆ ಹೊಟ್ಟೆ ಭಾಗ ಇರಬೇಕು, ಅಲ್ವಾ?