ಸುತ್ತಳತೆಯ ಕಾಲು ಭಾಗ

ಚಿಕ್ಕಪ್ಪ, ಬೆಳಿಗ್ಗೆ 7:12
(ಹಲವು ಬಾರಿ ಹಂಚಲಾದ ಸಂದೇಶ)
ಮರ ಬೆಳೆದವರೇ, ಎಚ್ಚರ! ವ್ಯಾಪಾರಿ ದಿಮ್ಮಿಯ ಸುತ್ತಳತೆ ಹಿಡಿದು, ಅದನ್ನು ನಾಲ್ಕರಿಂದ ಭಾಗಿಸಿ, ವರ್ಗ ಮಾಡಿ, ಉದ್ದದಿಂದ ಗುಣಿಸುತ್ತಾನೆ. ಈ ಲೆಕ್ಕದಲ್ಲಿ ನಿಮ್ಮ ಮರದ ನೂರರಲ್ಲಿ 21 ಭಾಗ ಮಾಯವಾಗುತ್ತದೆ. ಇದು ಹಗಲುದರೋಡೆ! ಈ ಅಳತೆಗೆ ಒಪ್ಪಲೇಬೇಡಿ. ಎಲ್ಲರಿಗೂ ಕಳುಹಿಸಿ.

ಚಿಕ್ಕಪ್ಪ, 7:14
ಎಲ್ಲರೂ ಓದಿ. ಭಾನುವಾರ ಬರುವ ವ್ಯಾಪಾರಿ ಇದೇ ಅಳತೆ ಹೇಳಿದ್ದಾನೆ. ಅಪ್ಪ ಕೈಯಾರೆ ನೆಟ್ಟ ತೇಗದ ಮರಗಳು ಗಾಳಿಗೆ ಉರುಳಿದ್ದೇ ಸಾಕಷ್ಟು ಸಂಕಟ. ಈಗ ಐದರಲ್ಲಿ ಒಂದು ಪಾಲನ್ನು ಪುಕ್ಕಟೆ ಕೊಡಬೇಕೆ? ಅವನಿಗೆ ಬರುವುದೇ ಬೇಡ ಎಂದು ಹೇಳಿಬಿಡುತ್ತೇನೆ.

ದೊಡ್ಡಪ್ಪ, 7:31
ದುಡುಕಬೇಡ. ನಾನು ಮೂರು ಸಲ ದಿಮ್ಮಿ ಮಾರಿದ್ದೇನೆ, ಮೂರು ಸಲವೂ ಇದೇ ಲೆಕ್ಕ. ದರ ಕೂಡ ಅದೇ ಅಳತೆಯ ಅಡಿಗೆ ಕುದುರುತ್ತದೆ. ಅಡಿ ಕಡಿಮೆಯಾದರೆ ಅಡಿಯ ದರ ಹೆಚ್ಚಿರುತ್ತದೆ. ಮೋಸ ಎಲ್ಲಿ ಬಂತು?

ಚಿಕ್ಕಪ್ಪ, 7:33
ಹಾಗಾದರೆ 21 ಎಂಬ ಸಂಖ್ಯೆ ಸುಳ್ಳೇ?

ನಾನು, 7:50
ಸುಳ್ಳಲ್ಲ ಚಿಕ್ಕಪ್ಪ. ಕಾಗದದ ಮೇಲೆ ಮಾಡಿ ನೋಡಿದೆ. ಸುತ್ತಳತೆ 48 ಇಂಚು, ಉದ್ದ 10 ಅಡಿ ಇರುವ ದಿಮ್ಮಿ ಎಂದುಕೊಳ್ಳಿ. ನಾಲ್ಕರಿಂದ ಭಾಗಿಸಿದರೆ 12 ಇಂಚು, ಅಂದರೆ 1 ಅಡಿ. ಅದರ ವರ್ಗವೂ 1. ಉದ್ದದಿಂದ ಗುಣಿಸಿದರೆ 10 ಘನ ಅಡಿ. ದುಂಡನೆಯ ದಿಮ್ಮಿಯ ನಿಜವಾದ ಗಾತ್ರ 12.73 ಘನ ಅಡಿ. ಲೆಕ್ಕಕ್ಕೆ ಸಿಗುವುದು ನೂರರಲ್ಲಿ 78.5 ಮಾತ್ರ. ಆದರೆ ಇದು ಯಾರೋ ಮೊನ್ನೆ ಹೂಡಿದ ತಂತ್ರವಲ್ಲ. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಹಾಪಸ್ ಎಂಬವನು 1736ರಲ್ಲೇ ಇದರ ಕೋಷ್ಟಕಗಳನ್ನು ಅಚ್ಚು ಹಾಕಿಸಿದ. ದುಂಡು ದಿಮ್ಮಿಯನ್ನು ಕೊಯ್ದು ಚೌಕ ಮಾಡುವಾಗ ಅಂಚಿನ ಸಿಪ್ಪೆ ಹಲಗೆ, ಗರಗಸದ ಹೊಟ್ಟು ಎಂದು ಒಂದಷ್ಟು ಹೋಗಿಯೇ ಹೋಗುತ್ತದೆ. ಆ ನಷ್ಟವನ್ನು ಅಳತೆಯಲ್ಲೇ ಬಿಟ್ಟುಕೊಟ್ಟ ಹಾಗೆ ಈ ಲೆಕ್ಕ.

ಭಾವ, 8:05
ಮರದ ಅಳತೆ ಎಲ್ಲೆಡೆಯೂ ಹೀಗೆಯೇ. ಅಮೆರಿಕದಲ್ಲಿ ಡಾಯ್ಲ್ ಎಂಬ ಲೆಕ್ಕವಿದೆ. ತೆಳು ತುದಿಯ ವ್ಯಾಸದಿಂದ 4 ಇಂಚು ಕಳೆದು ವರ್ಗ ಮಾಡುತ್ತಾರೆ. 16 ಅಡಿ ಉದ್ದ, 8 ಇಂಚು ವ್ಯಾಸದ ದಿಮ್ಮಿಗೆ ಅದರಲ್ಲಿ 16 ಬೋರ್ಡ್ ಅಡಿ (ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಇಂಚು ದಪ್ಪದ ಹಲಗೆಯಷ್ಟು ಮರ ಒಂದು ಬೋರ್ಡ್ ಅಡಿ) ಬರುತ್ತದೆ. ಅದೇ ದಿಮ್ಮಿಗೆ ಇಂಟರ್‌ನ್ಯಾಷನಲ್ ಎಂಬ ಇನ್ನೊಂದು ಲೆಕ್ಕದಲ್ಲಿ 40! ಮರ ಬದಲಾಗಲಿಲ್ಲ, ಕೋಷ್ಟಕ ಬದಲಾಯಿತು ಅಷ್ಟೆ.

ಅಕ್ಕ, 8:20
ಸರಿ, ಅಳತೆಯಲ್ಲಿ ಮೋಸವಿಲ್ಲ ಎಂದಾದರೆ ತೀರ್ಮಾನ ಸುಲಭ. ನಮ್ಮ ಮುಂದೆ ಎರಡು ಕೇಳಿಕೆಗಳಿವೆ. ವ್ಯಾಪಾರಿ ಘನ ಅಡಿಗೆ ಹೇಳಿದ್ದಾನೆ, ಸಾಮಿಲ್ಲಿನವರು ಘನ ಮೀಟರಿಗೆ ಹೇಳಿದ್ದಾರೆ. ನಿಜವಾದ ದರವನ್ನು ಗುಂಪಿನಲ್ಲಿ ಬರೆಯಬೇಡಿ, ಒಬ್ಬರ ಕೇಳಿಕೆ ಇನ್ನೊಬ್ಬರ ಕಿವಿಗೆ ಬಿದ್ದರೆ ಕೆಟ್ಟಿತು ಎಂದು ದೊಡ್ಡಪ್ಪ ಹೇಳಿದ್ದಾರೆ. ಆದ್ದರಿಂದ ವ್ಯಾಪಾರಿಯ ದರವನ್ನು 100 ಎಂದು ಇಟ್ಟುಕೊಳ್ಳುತ್ತೇನೆ. ಅದೇ ಪ್ರಮಾಣದಲ್ಲಿ ಸಾಮಿಲ್ಲಿನವರದು 3000. ಒಂದು ಘನ ಮೀಟರ್ ಎಂದರೆ 35.3 ಘನ ಅಡಿ. ವ್ಯಾಪಾರಿಯ ದರದಲ್ಲಿ ಘನ ಮೀಟರಿಗೆ 3530 ಆಯಿತು. ವ್ಯಾಪಾರಿಗೇ ಕೊಡೋಣ.

ದೊಡ್ಡಪ್ಪ, 8:22
ಒಪ್ಪಿದೆ.

ಚಿಕ್ಕಪ್ಪ, 8:24
ನಾನು ಒಪ್ಪಿಲ್ಲ. ಐದರಲ್ಲಿ ಒಂದು ಪಾಲು ಎಲ್ಲಿಗೆ ಹೋಯಿತು ಎಂದು ಇನ್ನೂ ಯಾರೂ ಹೇಳಿಲ್ಲ.

ನಾನು, 8:47
ಅಕ್ಕಾ, ಸ್ವಲ್ಪ ತಡೆ. ಲೆಕ್ಕ ತಪ್ಪಿದೆ. ತಪ್ಪಿದ್ದು ಚಿಕ್ಕಪ್ಪ ಬೆರಳಿಟ್ಟ ಜಾಗದಲ್ಲೇ.
ಸಾಮಿಲ್ಲಿನವರಿಗೆ ಈಗಷ್ಟೇ ಫೋನ್ ಮಾಡಿ ಕೇಳಿದೆ. ಅವರು ಅಳೆಯುವುದು ದುಂಡು ದಿಮ್ಮಿಯ ಪೂರ್ತಿ ಗಾತ್ರವನ್ನು. ವ್ಯಾಪಾರಿಯ ಘನ ಅಡಿ ಕಾಲು ಸುತ್ತಳತೆಯ ಅಡಿ. ಅವನ ಒಂದು ಅಡಿಯೊಳಗೆ ನಿಜವಾದ 1.273 ಘನ ಅಡಿ ಮರವಿದೆ. ಹಾಗಾಗಿ ಒಂದು ಘನ ಮೀಟರಿನಲ್ಲಿ ಅವನ ಅಡಿಗಳು 35.3 ಬರುವುದಿಲ್ಲ, 27.74 ಬರುತ್ತವೆ. ನೂರರಿಂದ ಗುಣಿಸಿದರೆ 2774. ಸಾಮಿಲ್ಲಿನವರದು 3000. ಮೇಲಿರುವುದು ಸಾಮಿಲ್ಲಿನ ದರ.

ಅಕ್ಕ, 8:58
ಎರಡು ಸಲ ಮಾಡಿ ನೋಡಿದೆ, ನೀನು ಹೇಳಿದ್ದೇ ಸರಿ. ಎರಡು ಬೇರೆ ಬೇರೆ ಅಡಿಗಳನ್ನು ಒಂದೇ ಎಂದುಕೊಂಡೆ. ತಪ್ಪು ನನ್ನದು.

ಚಿಕ್ಕಪ್ಪ, 9:01
ಈಗಲಾದರೂ ಒಪ್ಪುತ್ತೀರಾ? ನಾನು ಕಳುಹಿಸಿದ ಸಂದೇಶ ಸರಿಯಾಗಿಯೇ ಇತ್ತು.

ದೊಡ್ಡಪ್ಪ, 9:26
ಸಂಖ್ಯೆ ಸರಿ, ಬುದ್ಧಿವಾದ ತಪ್ಪು. ಆ ಅಳತೆಯವರನ್ನು ಬಾಗಿಲಿಗೇ ಬರಗೊಡದಿದ್ದರೆ ಉಳಿಯುವುದು ಒಬ್ಬನೇ ಗಿರಾಕಿ. ಒಬ್ಬನೇ ಉಳಿದ ಮೇಲೆ ಅವನು ಹೇಳಿದ್ದೇ ದರ. ಇಬ್ಬರೂ ಬರಲಿ, ಇಬ್ಬರ ದರವನ್ನೂ ಒಂದೇ ಅಳತೆಗೆ ತಂದು ನೋಡೋಣ.
ನಿನಗೆ ಮರ ಮಾಯವಾಗುವ ಚಿಂತೆ ಇದ್ದರೆ ಕೋಷ್ಟಕವನ್ನು ಬಿಡು, ಟೇಪನ್ನು ನೋಡು. ಸುತ್ತಳತೆಯನ್ನು ದಿಮ್ಮಿಯ ನಟ್ಟನಡುವೆ ಹಿಡಿಯಬೇಕು. ತೆಳು ತುದಿಯಲ್ಲಿ ಹಿಡಿದು 48 ಇರುವಲ್ಲಿ 44 ಎಂದು ಬರೆದರೆ ನೂರಕ್ಕೆ 16 ಭಾಗ ಹೋಯಿತು, ಏಕೆಂದರೆ ಅಳತೆ ವರ್ಗವಾಗುತ್ತದೆ. ತೊಗಟೆಯ ಮೇಲೆ ಅಳೆದರೆ ಅದರ ದಪ್ಪಕ್ಕೆ ತಕ್ಕಷ್ಟು ಕಳೆಯುವುದು ನ್ಯಾಯ. ನಮ್ಮ ದಿಮ್ಮಿಗಳ ತೊಗಟೆ ಸುಲಿದಾಗಿದೆ. ಆದರೂ ತೊಗಟೆಗೆಂದು ಎರಡು ಇಂಚು ಬಿಡಿ ಎನ್ನುತ್ತಾರೆ. 48ರಿಂದ 46ಕ್ಕೆ ಇಳಿದರೆ ನೂರಕ್ಕೆ ಎಂಟು ಭಾಗ ನಷ್ಟ. ಇಂಚಿನ ಮುರುಕುಗಳನ್ನು ಪ್ರತಿ ದಿಮ್ಮಿಯಲ್ಲೂ ಕೆಳಕ್ಕೇ ಇಳಿಸುತ್ತಾ ಹೋಗುವುದು ಇನ್ನೊಂದು. ನಾನು ಮೊದಲ ಸಲ ಮಾರಿದಾಗ ದೂರದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಬರೆದುಕೊಂಡವರು ಅವರು, ಓದಿ ಹೇಳಿದವರೂ ಅವರೇ. ಆ ದಿನ ಎಷ್ಟು ಕಳೆದುಕೊಂಡೆ ಎಂಬುದು ಇಂದಿಗೂ ನನಗೆ ತಿಳಿಯದು.

ಭಾವ, 9:40
ಉದ್ದದ ಮಾತೂ ಇದೆ. ಲಾರಿಗೆ ಹೇರಲು ಸುಲಭ, ಎಲ್ಲವನ್ನೂ ಆರಾರು ಅಡಿಗೆ ತುಂಡರಿಸಿಡಿ ಎಂದು ವ್ಯಾಪಾರಿ ಹೇಳಿದ್ದಾನಂತೆ. ದಯವಿಟ್ಟು ಒಪ್ಪಬೇಡಿ. ಬಾಗಿಲಿನ ಚೌಕಟ್ಟಿಗೆ ಏಳು ಅಡಿಗಿಂತ ಹೆಚ್ಚು ಉದ್ದದ ತುಂಡು ಬೇಕಾಗುತ್ತದೆ. ನೇರವಾದ ಉದ್ದ ದಿಮ್ಮಿಗೆ ಅಡಿಯ ದರವೇ ಬೇರೆ. ಕತ್ತರಿಸಿದ್ದನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಡೊಂಕು ಇರುವಲ್ಲಿ, ಕವಲು ಒಡೆಯುವಲ್ಲಿ ಮಾತ್ರ ಗರಗಸ ಇಡಬೇಕು. ಅಳತೆಗಿಂತ ಮೂರು ನಾಲ್ಕು ಇಂಚು ಉದ್ದವನ್ನು ಹೆಚ್ಚಾಗಿಯೇ ಬಿಡಬೇಕು, ತುದಿ ಸೀಳಿದರೆ ಅಷ್ಟನ್ನು ತೆಗೆಯಬಹುದು.

ಅತ್ತೆ, 9:52
ನೀವೆಲ್ಲ ಕಾಗದದ ಮೇಲೆ ಅಳೆಯುತ್ತಿದ್ದೀರಿ, ದಿಮ್ಮಿಗಳು ಇಲ್ಲಿ ಬಿಸಿಲಿನಲ್ಲಿ ಸೀಳುತ್ತಿದ್ದವು. ಕೊಯ್ದ ತುದಿಯಿಂದ ನೀರು ಬೇಗ ಆರುತ್ತದೆ, ಮೈ ನಿಧಾನವಾಗಿ ಆರುತ್ತದೆ. ಬಿರುಕು ಬಿಡುವುದು ಅದಕ್ಕೇ. ನಿನ್ನೆ ಆಳುಗಳನ್ನು ಕರೆದು, ಕೆಳಗೆ ಅಡ್ಡಮರ ಕೊಟ್ಟು ಎಲ್ಲವನ್ನೂ ನೆರಳಿಗೆ ಉರುಳಿಸಿದೆ. ಹಳೆಯ ಪೇಂಟ್ ಡಬ್ಬಿ ಇತ್ತು, ತುದಿಗಳಿಗೆಲ್ಲ ದಪ್ಪವಾಗಿ ಬಳಿಸಿದೆ. ಒಂದೊಂದಕ್ಕೂ ಸಂಖ್ಯೆ ಬರೆಸಿ, ನಡುವಿನ ಸುತ್ತಳತೆ ಮತ್ತು ಉದ್ದವನ್ನು ಪುಸ್ತಕದಲ್ಲಿ ಬರೆದಿದ್ದೇನೆ. ಒಟ್ಟು ಹನ್ನೊಂದು. ಸಾಗಿಸುವ ಪರವಾನಗಿಯೂ ಕೈಗೆ ಬಂದಿದೆ.

ಅತ್ತೆ, 9:53
(ಚಿತ್ರ)
ಮೂರನೆಯ ದಿಮ್ಮಿಯ ಬುಡದಲ್ಲಿ ಟೊಳ್ಳಿದೆ. ಕೋಲು ತೂರಿಸಿದರೆ ಎರಡೂವರೆ ಅಡಿ ಒಳಗೆ ಹೋಯಿತು. ಅದನ್ನೂ ಬರೆದಿದ್ದೇನೆ.

ಚಿಕ್ಕಪ್ಪ, 9:57
ಅದನ್ನು ಏಕೆ ಬರೆದೆ? ಹೇಗೂ ತುದಿಗೆ ಪೇಂಟ್ ಬಳಿಸುತ್ತಿದ್ದೆ, ಬಾಯಿಗೆ ಒಂದಿಷ್ಟು ಮಣ್ಣು ತುಂಬಿ ಬಳಿಸಿದ್ದರೆ ಆಗುತ್ತಿತ್ತು. ಕಣ್ಣಿದ್ದವನು ನೋಡಿಕೊಳ್ಳಲಿ. ಅವನು ನಮಗೆ ಅಡಿಯ ಲೆಕ್ಕ ಬಿಡಿಸಿ ಹೇಳಿದನೇ?

ಅತ್ತೆ, 10:01
ಸಣ್ಣಣ್ಣಾ, ಹಾಗೆ ಹೇಳಬೇಡ. ಬೆಳಗಿನಿಂದ ದರೋಡೆ, ಮೋಸ ಎಂದು ಬರೆಯುತ್ತಿರುವವನು ನೀನೇ.

ದೊಡ್ಡಪ್ಪ, 10:09
ಅವಳು ಮಾಡಿದ್ದು ಸರಿ. ಕೊಡಲಿಯ ಹಿಂಬದಿಯಿಂದ ತಟ್ಟಿದರೆ ಟೊಳ್ಳು ತಾನೇ ಸದ್ದು ಮಾಡುತ್ತದೆ, ಮಣ್ಣು ತುಂಬಿದರೂ ಮುಚ್ಚುವುದಿಲ್ಲ. ಒಂದರಲ್ಲಿ ಮಣ್ಣು ಸಿಕ್ಕಿತೋ, ಉಳಿದ ಹತ್ತರ ಮೇಲೂ ಅನುಮಾನ ಬಿದ್ದು ದರ ಇಳಿಯುತ್ತದೆ. ಈಗಲೇ ಆ ಎರಡೂವರೆ ಅಡಿಯನ್ನು ಅಳತೆಯಿಂದ ಬಿಟ್ಟು ಮಿಕ್ಕದ್ದಕ್ಕೆ ಪೂರ್ತಿ ದರ ಕೇಳಬಹುದು.

ಭಾವ, 10:15
ನಿಂತ ಮರವನ್ನೇ ಮಾರಿದ್ದರೆ ಟೊಳ್ಳಿನ ಭಯ ಕೊಳ್ಳುವವನದಾಗುತ್ತಿತ್ತು. ಆ ಭಯಕ್ಕೆಂದು ಅವನು ಎಲ್ಲ ಮರಗಳ ದರದಲ್ಲೂ ಮೊದಲೇ ಕಡಿಮೆ ಮಾಡಿಕೊಂಡಿರುತ್ತಿದ್ದ. ಕೊಯ್ದ ಮೇಲೆ ಎರಡೂ ತುದಿ ಕಣ್ಣೆದುರೇ ಇವೆ. ಚಿತ್ರದಲ್ಲಿ ನೋಡಿ, ಟೊಳ್ಳಿನ ಸುತ್ತ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಎಷ್ಟು ಅಗಲವಾಗಿದೆ, ಹೊರಗಿನ ಬಿಳಿ ಭಾಗ ಎಷ್ಟು ಕಡಿಮೆ. ಅಜ್ಜ ನೆಟ್ಟ ಮರ ಚೆನ್ನಾಗಿ ಬಲಿತಿದೆ.

ಅಕ್ಕ, 10:22
ಅತ್ತೆ, ಪುಸ್ತಕದ ಪುಟದ ಚಿತ್ರ ಕಳುಹಿಸಿ. ಪ್ರತಿ ದಿಮ್ಮಿಗೂ ಎರಡೂ ಅಳತೆಯಲ್ಲಿ ಗಾತ್ರ ಹಾಕಿ ಕೊಡುತ್ತೇನೆ. ಈ ಸಲ ಬೆರೆಸುವುದಿಲ್ಲ.

ಚಿಕ್ಕಪ್ಪ, 10:48
ಮಣ್ಣಿನ ಮಾತು ಆಡಬಾರದಿತ್ತು. ಮೂರನೆಯದು ಅಪ್ಪ ಬಾವಿಯ ಪಕ್ಕ ನೆಟ್ಟದ್ದು ಅಲ್ಲವೇ? ಚಿತ್ರ ನೋಡಿ ಗುರುತು ಹಿಡಿದೆ.
ಸಾಮಿಲ್ಲಿನವರು ಶನಿವಾರ ಬರುತ್ತಾರೆ, ವ್ಯಾಪಾರಿ ಭಾನುವಾರವೇ ಬರಲಿ. ನಾನು ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ. ಟೇಪು ನಮ್ಮದೇ ಇರಲಿ, ಒಂದು ತುದಿಯನ್ನು ನಾನು ಹಿಡಿಯುತ್ತೇನೆ.