ಪತ್ತನಾಜೆಗೆ ಬಳಗ ಮುಚ್ಚುವುದಾದರೆ ಇಷ್ಟು ವರ್ಷದ ಮಾತೆಲ್ಲ ಯಾರಿಗೆ?

ಚೌಕಿ ಕಾವಲು (ಉಡುಪಿ):
ಎಲ್ಲರಿಗೂ ನಮಸ್ಕಾರ. ವಿಷಯ ಕಿವಿಗೆ ಬಿದ್ದಿರಬಹುದು, ಆದರೂ ಒಮ್ಮೆ ಸರಿಯಾಗಿ ಬರೆಯುತ್ತೇನೆ. ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ ಕೊನೆಯ ವಾರದ ಪತ್ತನಾಜೆಗೆ, ಯಕ್ಷಗಾನ ಮೇಳಗಳು (ತಂಡಗಳು) ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಅದೇ ಹೊತ್ತಿಗೆ ನಮ್ಮ ಈ ಯಕ್ಷಗಾನ ಅಭಿಮಾನಿಗಳ ಆನ್‌ಲೈನ್ ಬಳಗವನ್ನೂ ಮುಚ್ಚೋಣ ಅಂತ ನಡೆಸುವ ನಾವು ನಾಲ್ವರು ಯೋಚಿಸಿದ್ದೇವೆ. ದುಡ್ಡಿನ ತೊಂದರೆ ದೊಡ್ಡದಲ್ಲ. ಸೈಟಿನ ಸಾಫ್ಟ್‌ವೇರ್ ಹಳತಾಗಿದೆ, ಅದನ್ನು ನೋಡಿಕೊಳ್ಳುತ್ತಿದ್ದವರಿಗೆ ಈಗ ಪುರುಸೊತ್ತಿಲ್ಲ, ಬೆಳಗಾದರೆ ಸುಳ್ಳು ಖಾತೆಗಳನ್ನು ಅಳಿಸುವುದೇ ಕೆಲಸ. ಇವತ್ತು ಆಟ (ಪ್ರದರ್ಶನ) ಎಲ್ಲಿ ಅಂತ ಕೇಳಲಿಕ್ಕೂ ಯಾರೂ ಇಲ್ಲಿಗೆ ಬರುವುದಿಲ್ಲ. ಅದೆಲ್ಲ ವಾಟ್ಸಾಪ್‌ನಲ್ಲೇ ಸಿಗುತ್ತದೆ.

ಉಳಿದಿರುವುದು ಎರಡು. ಒಂದು, ನೀವೆಲ್ಲ ಕ್ಯಾಸೆಟ್‌ನಿಂದ ಇಳಿಸಿ ಕೊಟ್ಟ ರೆಕಾರ್ಡಿಂಗ್‌ಗಳು. ಇನ್ನೊಂದು, ಅವುಗಳ ಕೆಳಗೆ ಇಷ್ಟು ವರ್ಷ ನಾವು ಆಡಿದ ಮಾತು, ಹೊಗಳಿಕೆ, ಜಗಳ. ಯಾವುದನ್ನು ಇಡುವುದು, ಯಾರಿಗೆ ಕೊಡುವುದು, ಯಾವುದನ್ನು ಅಳಿಸುವುದು? ಹೇಳಿ.

ಕುಡ್ಲದ ಮುಂದಿನ ಸಾಲು (ಮಂಗಳೂರು):
ಮುಚ್ಚಿ ಮಾರಾಯ್ರೆ. ಇದಕ್ಕೆ ಇಷ್ಟು ಚರ್ಚೆ ಎಂತಕ್ಕೆ? ರಾತ್ರಿ ಹತ್ತರ ಮೇಲೆ ಮೈಕ್ ಹಾಕುವ ಹಾಗಿಲ್ಲ ಅಂತ ನಿಯಮ ಬಂದು ಎಷ್ಟೋ ಮೇಳಗಳು ಕಾಲಮಿತಿಗೆ ಬಂದವು. ಬೆಳಗಿನ ತನಕ ಆಟ ಇಲ್ಲದಿದ್ದರೆ ಯಕ್ಷಗಾನವೇ ಮುಗಿಯಿತು ಅಂತ ಇಲ್ಲೇ ಪುಟಗಟ್ಟಲೆ ಬರೆದಿದ್ದೆವು. ಮುಗಿಯಲಿಲ್ಲ ಅಲ್ವಾ? ಈಗ ನಡುರಾತ್ರಿಗೆ ಆಟ ಮುಗಿಸಿ ಮನೆಗೆ ಹೋಗಿ ಮಲಗುತ್ತೇವೆ. ಇದೂ ಹಾಗೆಯೇ. ರೆಕಾರ್ಡಿಂಗ್ ಬೇಕಾದವರಿಗೆ ಯೂಟ್ಯೂಬ್ ಉಂಟು. ಸುಮ್ನೆ ಕಣ್ಣೀರು ಬೇಡ.

ಏಳನೇ ಕ್ಯಾಸೆಟ್ (ದುಬೈ):
ಅಣ್ಣ, ನಿಮಗೆ ಆಟ ಬೇಕಾದರೆ ಬೈಕ್ ಹತ್ತಿದರೆ ಆಯಿತು. ನಾನು ಇಲ್ಲಿಗೆ ಬಂದ ಮೊದಲ ವರ್ಷಗಳಲ್ಲಿ ರೂಮಿನಲ್ಲಿ ಆರು ಜನ, ಒಂದು ಕಂಪ್ಯೂಟರ್. ಗುರುವಾರ ರಾತ್ರಿ ಯಾರೋ ಊರಿಂದ ಹಾಕಿದ ಕರ್ಣಪರ್ವ ಇಳಿಸಲಿಕ್ಕೆ ಇಟ್ಟು ಮಲಗಿದರೆ ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿಗೆ ಕೇಳಬಹುದಿತ್ತು. ಕೇಳಿ ಮುಗಿಸಿ ಇಲ್ಲಿಗೆ ಬಂದರೆ ಬಡಗು ಶೈಲಿಯ ಕುಂದಾಪುರದವರು, ತೆಂಕು ಶೈಲಿಯ ಪುತ್ತೂರಿನವರು ಆಗಲೇ ಕಚ್ಚಾಡುತ್ತಿದ್ದರು. ಆ ಕಚ್ಚಾಟ ಓದುವುದೇ ಒಂದು ಖುಷಿ.

ಮುಚ್ಚಿದರೆ ಏನಾಗುತ್ತದೆ ಅಂತ ನಾವು ನೋಡಿದ್ದೇವೆ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಅಲ್ಲಿದ್ದ ನಮ್ಮ ಗುಂಪಿನಲ್ಲಿ ಕಾಸರಗೋಡು ಕಡೆಯ ಒಬ್ಬರು ತಾಳಮದ್ದಲೆಯ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನದ) ಬಗ್ಗೆ ಎಷ್ಟು ಚೆನ್ನಾಗಿ ಬರೆಯುತ್ತಿದ್ದರು! ಅವರ ನಿಜವಾದ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾಹೂ ಗ್ರೂಪ್ಸ್ 2019ರ ಡಿಸೆಂಬರ್‌ನಲ್ಲಿ ಹಳೆಯ ಸಂದೇಶಗಳನ್ನು ತೆಗೆಯಿತು, ಮುಂದಿನ ವರ್ಷ ಅಂಗಡಿಯನ್ನೇ ಮುಚ್ಚಿತು. ಅವರೆಲ್ಲ ಕಂಪನಿಯವರು, ನಮ್ಮನ್ನು ಕೇಳಬೇಕಾಗಿರಲಿಲ್ಲ. ಇಲ್ಲಿ ಬೀಗದ ಕೈ ನಮ್ಮ ಹತ್ತಿರವೇ ಇದೆ. ನಾವೇ ಅಳಿಸಿದರೆ ಅದಕ್ಕೆ ಎಂತ ಹೇಳುವುದು?

ಬಡಗು ಮಾಷ್ಟ್ರು (ಬ್ರಹ್ಮಾವರ):
ಯೂಟ್ಯೂಬ್‌ನಲ್ಲಿ ಉಂಟು ಅನ್ನುವವರಿಗೆ ಒಂದು ಮಾತು. ಎಂತ ಉಂಟು ಅಲ್ಲಿ? ಧ್ವನಿ ಉಂಟು. ‘ಹಳೆಯ ಯಕ್ಷಗಾನ, ತಪ್ಪದೆ ಕೇಳಿ’ ಅಂತ ಶೀರ್ಷಿಕೆ ಉಂಟು. ಭಾಗವತರು (ಹಾಡುವವರು) ಯಾರು, ಮದ್ದಲೆ ಯಾರದು, ಎದುರು ಅರ್ಥ (ಪಾತ್ರದ ಮಾತು) ಯಾರದು, ಯಾವ ಊರು, ಯಾವ ವರ್ಷ? ಒಂದೂ ಇಲ್ಲ.

ಇಲ್ಲಿಗೆ ಒಮ್ಮೆ ಒಂದು ಕ್ಯಾಸೆಟ್ ಬಂದಿತ್ತು. ಮೇಲೆ ಪೆನ್ಸಿಲಿನಲ್ಲಿ ‘ಭೀಷ್ಮ ವಿಜಯ, ಬದಿ 2’ ಅಂತ ಮಾತ್ರ ಬರೆದಿತ್ತು. ತೊಂಬತ್ತು ನಿಮಿಷದ ಕ್ಯಾಸೆಟ್ ಆದ್ದರಿಂದ ಒಂದು ಬದಿಗೆ ಮುಕ್ಕಾಲು ಗಂಟೆ. ಪದ್ಯದ ನಡುವೆ ಶುರು, ಮಾತಿನ ನಡುವೆ ಬಂದ್. ಮೊದಲ ಆಲಾಪ ಕೇಳಿ ಒಬ್ಬರು ಭಾಗವತರ ಹೆಸರು ಹೇಳಿದರು. ಇನ್ನೊಬ್ಬರು ಅಲ್ಲ, ಅದು ಅವರ ಶಿಷ್ಯ ಅಂದರು. ಮದ್ದಲೆಯ ಬಗ್ಗೆ ಒಂದು ವಾರ ಜಗಳ. ಕೊನೆಗೆ ಕಾರ್ಕಳ ಕಡೆಯವರೊಬ್ಬರು ಟೇಪಿನ ತುದಿಯಲ್ಲಿದ್ದ ವಂದನಾರ್ಪಣೆಯ ತುಂಡನ್ನು ಹಿಡಿದರು. ಅದು ಅವರ ಊರಿನ ಶಾಲೆಯ ಸುವರ್ಣ ಮಹೋತ್ಸವ, ಅವರ ತಂದೆ ಸಮಿತಿಯಲ್ಲಿದ್ದವರು. ಆಮಂತ್ರಣ ಪತ್ರಿಕೆಯ ಫೋಟೊವನ್ನೇ ಇಲ್ಲಿ ಹಾಕಿದರು. ಆ ಕ್ಯಾಸೆಟ್ ಗುರುತಿಲ್ಲದೆ ಹೋಗದೆ ಉಳಿದದ್ದು ಆ ಮಾತಿನಿಂದ.

ಇದು ಸಿನಿಮಾದ ಹಾಗಲ್ಲ ನೋಡಿ. ಪದ್ಯ ಕವಿ ಬರೆದದ್ದು, ಅದು ಪುಸ್ತಕದಲ್ಲಿ ಸಿಗುತ್ತದೆ. ಅರ್ಥ ಆ ರಾತ್ರಿ ಆ ಜಾಗದಲ್ಲಿ ಹುಟ್ಟಿದ್ದು. ಅರ್ಥ ಹೇಳುವುದರಲ್ಲಿ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ಹೋದರು. ಅವರ ವಾಲಿ ಆಗಲಿ, ಕೌರವ ಆಗಲಿ ಒಂದು ಸಲ ಹೇಳಿದ ಹಾಗೆ ಇನ್ನೊಂದು ಸಲ ಇರುತ್ತಿರಲಿಲ್ಲ. ಬಡಗಿನ ಭಾಗವತ ಕಾಳಿಂಗ ನಾವಡರು 1990ರಲ್ಲಿ, ಮೂವತ್ತು ದಾಟಿದ ಪ್ರಾಯದಲ್ಲೇ ಹೋದವರು. ಇಲ್ಲಿ ಅವರ ಹೆಸರಿಗೆ ಪ್ರಾಣ ಬಿಡುವ ಅರ್ಧ ಜನ ಅವರನ್ನು ರಂಗದಲ್ಲಿ ನೋಡಿದವರೇ ಅಲ್ಲ. ಹಾಗಾಗಿ ಯಾವ ರಾತ್ರಿಯದ್ದು ಅಂತ ಗೊತ್ತಿಲ್ಲದ ರೆಕಾರ್ಡಿಂಗ್ ಅರ್ಧ ರೆಕಾರ್ಡಿಂಗ್. ಎರಡರಲ್ಲಿ ಒಂದನ್ನೇ ಇಡಬೇಕು ಅಂದರೆ ನಾನು ಮಾತನ್ನು ಇಡಿ ಅನ್ನುತ್ತೇನೆ.

ಕುಡ್ಲದ ಮುಂದಿನ ಸಾಲು (ಮಂಗಳೂರು):
ಬಡಗಿನವರಿಗೆ ಎಲ್ಲ ದಾರಿಯೂ ನಾವಡರ ಮನೆಗೇ ಹೋಗುತ್ತದೆ 😀

ಮಾಷ್ಟ್ರೇ, ಒಪ್ಪುವ ಮಾತು ಹೇಳಿದಿರಿ. ಆದರೆ ಅದು ಯಾವ ಕಾಲದ್ದು? ಬಲಿಪ ನಾರಾಯಣ ಭಾಗವತರು 2023ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಈ ಬಳಗ ತುಂಬಿತು. 2024ರ ಏಪ್ರಿಲ್‌ನಲ್ಲಿ ಭಾಗವತ ಸುಬ್ರಹ್ಮಣ್ಯ ಧಾರೇಶ್ವರರು ಹೋದಾಗ ಇನ್ನೊಮ್ಮೆ ತುಂಬಿತು. ನಡುವೆ ಯಾರು ಬಂದರು? ನಾವು ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಮಾತ್ರ ಸೇರುವ ನೆಂಟರ ಹಾಗೆ ಆಗಿದ್ದೇವೆ. ಅದನ್ನು ಬಳಗ ಅಂತ ಹೇಳಬೇಡಿ.

ಭಾಗವತರ ಮಗ (ಉಡುಪಿ):
ನಾನು ಇಲ್ಲಿ ಬರೆಯುವವನಲ್ಲ. ಇವತ್ತು ಬರೆಯಲೇಬೇಕು.

ನನ್ನ ತಂದೆ ಮೇಳದಲ್ಲಿ ಹಾಡಿದವರು. ಹೆಸರು, ಮೇಳ ಎರಡೂ ಬೇಡ. ಅವರ ಕೊನೆಯ ತಿರುಗಾಟದ ವರ್ಷ ಇಲ್ಲಿ ಒಂದು ಚರ್ಚೆ ಆಗಿತ್ತು. ಸ್ವರ ಹೋಗಿದೆ, ಇನ್ನು ಜಾಗಟೆ ಕೆಳಗೆ ಇಡುವುದು ಒಳ್ಳೆಯದು ಅಂತ ಶುರುವಾಗಿ ಎಲ್ಲಿಗೋ ಹೋಯಿತು. ಅವರಿಗೆ ಆ ವರ್ಷ ಗಂಟಲಿನ ತೊಂದರೆ ಇತ್ತು. ದೀಪಾವಳಿ ಕಳೆದು ಹೊರಟರೆ ಪತ್ತನಾಜೆಯ ತನಕ ದಿನಾ ರಾತ್ರಿ ಹಾಡಬೇಕು. ನಡುವೆ ಬಿಟ್ಟರೆ ಮುಂದಿನ ವರ್ಷದ ಬುಲಾವು ಬರುತ್ತದೆ ಅಂತ ಇಲ್ಲ. ನಿಮಗೆ ಅದು ಒಂದು ರಾತ್ರಿಯ ಪದ, ನಮಗೆ ಅದು ಮನೆಯ ಅಕ್ಕಿ. ಯಾರೋ ಆ ಚರ್ಚೆಯನ್ನು ಪ್ರಿಂಟ್ ಮಾಡಿ ಚೌಕಿಗೇ (ವೇಷ ಕಟ್ಟುವ ಜಾಗಕ್ಕೇ) ತಂದುಕೊಟ್ಟರು. ಅಪ್ಪ ಓದಿದರು. ಏನೂ ಹೇಳಲಿಲ್ಲ.

ಮಾಷ್ಟ್ರು ಮಾತನ್ನು ಇಡಿ ಅನ್ನುತ್ತಾರೆ. ಯಾವ ಮಾತನ್ನು? ಇದನ್ನೂ ಸೇರಿಸಿಯಾ? ನನ್ನ ಮಗಳು ನಾಳೆ ಅಜ್ಜನ ಹೆಸರು ಹುಡುಕಿದರೆ ಅವಳಿಗೆ ಮೊದಲು ಸಿಗುವುದು ಇದೇ ಆಗಬೇಕಾ?

ಕುಡ್ಲದ ಮುಂದಿನ ಸಾಲು (ಮಂಗಳೂರು):
ಬೇಸರ ಅರ್ಥ ಆಗುತ್ತದೆ. ಆ ಚರ್ಚೆಯಲ್ಲಿ ನಾನಿರಲಿಲ್ಲ. ಆದರೂ ಹೇಳುತ್ತೇನೆ. ಪೇಪರಿನಲ್ಲಿ ಬರುವ ವಿಮರ್ಶೆಯಲ್ಲಿ ಎಲ್ಲರೂ ಮನಗೆದ್ದವರೇ, ಎಲ್ಲರೂ ರಂಜಿಸಿದವರೇ. ಸನ್ಮಾನದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ನಿನ್ನೆಯ ಆಟ ಸಪ್ಪೆ ಇತ್ತು ಅಂತ ಬಾಯಿಬಿಟ್ಟು ಹೇಳಿದ ಜಾಗ ಇದೊಂದೇ. ಅದನ್ನು ಗುಡಿಸಿ ಹೊಗಳಿಕೆ ಮಾತ್ರ ಇಟ್ಟರೆ ಮುಂದೆ ಓದುವವರಿಗೆ ಆ ಕಾಲದ ಬಗ್ಗೆ ಸುಳ್ಳು ಹೇಳಿದ ಹಾಗೆ. ಇಡುವುದಾದರೆ ಪೂರ್ತಿ ಇಡಿ, ಇಲ್ಲದಿದ್ದರೆ ಪೂರ್ತಿ ಮುಚ್ಚಿ. ಅದಕ್ಕೇ ನಾನು ಮೊದಲೇ ಮುಚ್ಚಿ ಅಂದದ್ದು.

ಬಡಗು ಮಾಷ್ಟ್ರು (ಬ್ರಹ್ಮಾವರ):
ಆಟ ಸಪ್ಪೆ ಅನ್ನುವುದು ವಿಮರ್ಶೆ. ಒಬ್ಬರ ಗಂಟಲಿನ ಬಗ್ಗೆ, ಮನೆಯ ಬಗ್ಗೆ, ಜಾತಿಯ ಬಗ್ಗೆ ಬರೆದದ್ದು ವಿಮರ್ಶೆ ಅಲ್ಲ. ಇಲ್ಲಿ ಎರಡೂ ಇದೆ. ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಬೇಡಿ.

ಕಪ್ಪು ಕೋಟು (ಮಂಗಳೂರು):
ನಡುವೆ ಸ್ವಲ್ಪ ಕಾನೂನು. ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಇದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯಲ್ಲಿ ಅದು ಸೇರಿತು. ಅದರ ಅವಧಿ ಮೊದಲು 25 ವರ್ಷ ಇತ್ತು, 1999ರಲ್ಲಿ 50 ಮಾಡಿದರು. ನಾನು ಕೇಳಲಿಕ್ಕೆ ಅಂತ ರೆಕಾರ್ಡ್ ಮಾಡಿಕೊಳ್ಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ. 1994ರ ತಿದ್ದುಪಡಿಗಿಂತ ಹಿಂದಿನ ಕ್ಯಾಸೆಟ್‌ಗಳ ವಿಷಯದಲ್ಲಿ ವಾದ ಮಾಡಬಹುದು. ಆದರೆ ಯಾರ ಎದುರು ವಾದ? ನಾವು ಯಾರ ಹೆಸರಿಗೆ ಕೈ ಮುಗಿಯುತ್ತೇವೋ ಅವರ ಮನೆಯವರ ಎದುರು. ಅಭಿಮಾನ ಇದೆ ಅಂದಮಾತ್ರಕ್ಕೆ ಅನುಮತಿ ಇದೆ ಅಂತ ಆಗುವುದಿಲ್ಲ.

ಇನ್ನು ನಾವು ಬರೆದದ್ದು. ಅದು ಬರೆದವರದ್ದು, ನಡೆಸುವವರದ್ದಲ್ಲ. ತನ್ನ ಮಾತು ತೆಗೆಯಿರಿ ಅಂತ ಬರೆದವರೇ ಕೇಳಿದರೆ ತೆಗೆಯಬೇಕು. ಮೊಬೈಲ್ ನಂಬರ್, ಮನೆ ವಿಳಾಸ ಅಂತೂ ಯಾರೂ ಕೇಳದೆಯೇ ತೆಗೆಯಿರಿ. ಮೊದಮೊದಲು ಕ್ಯಾಸೆಟ್ ಬದಲಾಯಿಸಿಕೊಳ್ಳಲಿಕ್ಕೆ ಅಂತ ಎಲ್ಲರೂ ಧಾರಾಳವಾಗಿ ಬರೆದುಬಿಟ್ಟಿದ್ದಾರೆ.

ಮಣಿಪಾಲದ ಹೊಸಬಳು:
ನಾನು ಎಲ್ಲರಿಗಿಂತ ಕಿರಿಯವಳು ಅನಿಸುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ತಿರುಗಾಟ ಅರ್ಧಕ್ಕೆ ನಿಂತಿತಲ್ಲ, ಆಗ ಇಲ್ಲಿಗೆ ಬಂದೆ. ಮನೆಯಲ್ಲಿ ಯಾರಿಗೂ ಯಕ್ಷಗಾನದ ಹುಚ್ಚಿಲ್ಲ. ಒಡ್ಡೋಲಗ ಅಂದರೇನು, ಬಣ್ಣದ ವೇಷ ಯಾಕೆ ಅಬ್ಬರಿಸಿಕೊಂಡು ಬರುತ್ತದೆ, ತೆಂಕಿನ ಚೆಂಡೆಗೂ ಬಡಗಿನದ್ದಕ್ಕೂ ಏನು ವ್ಯತ್ಯಾಸ, ಎಲ್ಲ ಕಲಿತದ್ದು ನಿಮ್ಮ ಹಳೆಯ ಜಗಳ ಓದಿ. ಆಗ ಇಲ್ಲಿ ಹೊಸ ಮಾತು ಕಮ್ಮಿ ಇತ್ತು ನಿಜ. ಆದರೆ ಓದುವವರು ಇರಲಿಲ್ಲ ಅಂತ ಅಲ್ಲ. ಸುಮ್ಮನೆ ಓದಿ ಹೋಗುವವರನ್ನು ನೀವು ಲೆಕ್ಕಕ್ಕೇ ಹಿಡಿಯಲಿಲ್ಲ ಅಣ್ಣ.

ವಾಟ್ಸಾಪ್ ಗುಂಪಿನಲ್ಲೂ ಇದ್ದೇನೆ. ಅಲ್ಲಿ 1,024 ಜನಕ್ಕಿಂತ ಜಾಸ್ತಿ ಸೇರುವ ಹಾಗಿಲ್ಲ. ಇವತ್ತು ಸೇರಿದವರಿಗೆ ಹೋದ ವರ್ಷದ ಮಾತು ಸಿಗುವುದಿಲ್ಲ. ಶುಭೋದಯದ ಹೂವು ಮಾತ್ರ ದಿನಾ ಸಿಗುತ್ತದೆ.

ಕೆಲಸದ ವಿಷಯ. ಮುಚ್ಚುವುದು ಅಂದರೆ ಅಳಿಸುವುದೇ ಆಗಬೇಕಾಗಿಲ್ಲ. ಹೊಸದಾಗಿ ಬರೆಯುವುದನ್ನು ನಿಲ್ಲಿಸಿ, ಇರುವ ಪುಟಗಳನ್ನೆಲ್ಲ ಬರೀ ಓದುವ ಪುಟಗಳಾಗಿ ಮಾಡಿ ಇಡಬಹುದು. ಲಾಗಿನ್ ಇಲ್ಲ, ಡೇಟಾಬೇಸ್ ಇಲ್ಲ, ಸುಳ್ಳು ಖಾತೆಯ ಕಾಟವೂ ಇಲ್ಲ. ಖರ್ಚು ಬಹಳ ಕಮ್ಮಿ. ಕಷ್ಟ ಇರುವುದು ಶುರುವಿನ ವರ್ಷಗಳದ್ದು. ಯೂನಿಕೋಡ್ ಬಳಕೆಗೆ ಬರುವ ಮೊದಲು ‘ಬರಹ’, ‘ನುಡಿ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬರೆದದ್ದೆಲ್ಲ ಈಗ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಅದನ್ನು ಯೂನಿಕೋಡ್‌ಗೆ ತಿರುಗಿಸಬಹುದು. ಆದರೆ ಒತ್ತಕ್ಷರ ತಪ್ಪುತ್ತದೆ, ರಾಗದ ಹೆಸರು ಏನೇನೋ ಆಗುತ್ತದೆ. ಗೊತ್ತಿದ್ದವರು ಕೂತು ಓದಿ ಸರಿಮಾಡಬೇಕು. ಮಾಷ್ಟ್ರೇ, ನಿಮ್ಮನ್ನೇ ಹೇಳುತ್ತಿರುವುದು.

ಬಡಗು ಮಾಷ್ಟ್ರು (ಬ್ರಹ್ಮಾವರ):
ಕನ್ನಡಕ ಬದಲಾಯಿಸಬೇಕು. ಅದು ಬಿಟ್ಟರೆ ತಯಾರಿದ್ದೇನೆ. ಮಳೆಗಾಲದಲ್ಲಿ ನನಗೆ ಬೇರೆ ಎಂತ ಕೆಲಸ? ಮನೆಮನೆಗೆ ಹೋಗಿ ಆಡಿ ತೋರಿಸುವ ಚಿಕ್ಕಮೇಳದವರು ಬಂದಾಗ ಮಾತ್ರ ಏಳುತ್ತೇನೆ.

ರೆಕಾರ್ಡಿಂಗ್‌ಗಳನ್ನು ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ಗೋವಿಂದ ಪೈ ಸಂಶೋಧನ ಕೇಂದ್ರದಂಥ ಕಡೆ ಕೇಳಿ ನೋಡಬಹುದು. ಹಾರ್ಡ್‌ಡಿಸ್ಕ್ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಇಟ್ಟು ಬಂದರೆ ಆಗಲಿಕ್ಕಿಲ್ಲ. ಪ್ರತಿಯೊಂದಕ್ಕೂ ಪ್ರಸಂಗ, ಕಲಾವಿದರು, ಊರು, ವರ್ಷ ಬರೆದ ಪಟ್ಟಿ ಬೇಕು. ಆ ಪಟ್ಟಿಗೆ ಬೇಕಾದದ್ದು ಇರುವುದು ಈ ಮಾತುಗಳಲ್ಲೇ.

ಏಳನೇ ಕ್ಯಾಸೆಟ್ (ದುಬೈ):
ಪಟ್ಟಿ ಮಾಡುವ ಕೆಲಸದಲ್ಲಿ ನನಗೂ ಪಾಲು ಕೊಡಿ. ಈಗ ಇಲ್ಲಿ ಶನಿವಾರ, ಭಾನುವಾರ ರಜೆ. ತೆಂಕಿನದ್ದು ಮಾತ್ರ ಕೊಡಿ, ಬಡಗಿನಲ್ಲಿ ನನಗೆ ದನಿ ಗುರುತು ಕಮ್ಮಿ. ಇನ್ನೊಂದು, ಆಮಂತ್ರಣ ಪತ್ರಿಕೆ, ಟಿಕೆಟ್, ಕರಪತ್ರ ಮನೆಯಲ್ಲಿ ಇದ್ದವರು ಮಳೆ ಹಿಡಿಯುವ ಮೊದಲು ಫೋಟೊ ತೆಗೆದು ಕಳಿಸಿ. ಅಟ್ಟದಲ್ಲಿ ಇಟ್ಟದ್ದು ಒರಲೆಗೆ ಹೋಗುತ್ತದೆ.

ಚೌಕಿ ಕಾವಲು (ಉಡುಪಿ):
ಸರಿ, ಓದುವ ಪುಟಗಳಾಗಿ ಇಡುವುದಕ್ಕೆ ನಾವು ನಾಲ್ವರೂ ತಯಾರು. ತಾವು ಬರೆದದ್ದು ಇರುವುದು ಬೇಡ ಅನ್ನುವವರು ಮೇ 15ರ ಒಳಗೆ ತಾವೇ ತಿಳಿಸಲಿ, ತೆಗೆಯುತ್ತೇವೆ. ತೀರಿಕೊಂಡ ಸದಸ್ಯರದ್ದಾದರೆ ಮನೆಯವರು ಹೇಳಿದ ಹಾಗೆ. ರೆಕಾರ್ಡಿಂಗ್‌ಗಳನ್ನು ಸೈಟಿನಿಂದ ಇಳಿಸುತ್ತೇವೆ. ಕಲಾವಿದರ ಅಥವಾ ಮನೆಯವರ ಒಪ್ಪಿಗೆ ಸಿಕ್ಕಿದ್ದನ್ನು ಮಾತ್ರ ಮತ್ತೆ ಹಾಕುವುದು. ಒಪ್ಪಿಗೆ ಪತ್ರ ಒಂದು ಪುಟದ್ದು ಸಾಕಾ, ಕಪ್ಪು ಕೋಟು?

ಕಪ್ಪು ಕೋಟು (ಮಂಗಳೂರು):
ಒಂದು ಪುಟ ಸಾಕು. ಕನ್ನಡದಲ್ಲೇ ಇರಲಿ, ಓದಿ ಸಹಿ ಹಾಕುವ ಹಾಗೆ. ದುಡ್ಡಿಗೆ ಮಾರುವುದಿಲ್ಲ, ಬೇಡ ಅಂದ ದಿನ ತೆಗೆಯುತ್ತೇವೆ, ಈ ಎರಡು ಮಾತು ಅದರಲ್ಲಿ ಇರಲೇಬೇಕು. ನಾಳೆ ಬರೆದು ಕಳಿಸುತ್ತೇನೆ.

ಭಾಗವತರ ಮಗ (ಉಡುಪಿ):
ನನ್ನ ತಂದೆಯ ಪದಗಳಿಗೆ ಸಹಿ ಹಾಕುತ್ತೇನೆ. ಆ ಚರ್ಚೆಗೆ ಹಾಕುವುದಿಲ್ಲ. ಅವರ ಆಟ ಚೆನ್ನಾಗಿರಲಿಲ್ಲ ಅಂತ ಬರೆದದ್ದು ಇರಲಿ, ಕಾಯಿಲೆಯ ಬಗ್ಗೆ ಬರೆದದ್ದು ಹೋಗಬೇಕು.

ಕುಡ್ಲದ ಮುಂದಿನ ಸಾಲು (ಮಂಗಳೂರು):
ಆಯಿತು, ತೆಗೆಯಿರಿ. ಆದರೆ ತೆಗೆದ ಜಾಗದಲ್ಲಿ ಇಲ್ಲಿ ಕೆಲವು ಮಾತು ತೆಗೆದಿದ್ದೇವೆ ಅಂತ ಒಂದು ಸಾಲು ಬೇಕು. ಏನೂ ಆಗಿಲ್ಲ ಅನ್ನುವ ಹಾಗೆ ಗಾರೆ ಬಳಿಯಬೇಡಿ. ಮತ್ತೆ, ಇದಕ್ಕೆಲ್ಲ ನಾನು ಒಪ್ಪಿದ್ದೇನೆ ಅಂತ ಎಲ್ಲೂ ಬರೆಯಬಾರದು.

ಚೌಕಿ ಕಾವಲು (ಉಡುಪಿ):
ಸಾಲು ಹಾಕುತ್ತೇವೆ. ನೀವು ಒಪ್ಪಿಲ್ಲ ಅಂತಲೂ ಹಾಕುತ್ತೇವೆ.