100 ವ್ಯಾಟ್ ಸ್ಪೀಕರ್‌ಗೆ 100 ವ್ಯಾಟ್ ಆಂಪ್ ಬೇಕೇ ಬೇಕಾ?

ಪ್ರಶ್ನೆ: ಸರ್, ಹೊಸದಾಗಿ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ತಗೊಂಡಿದ್ದೇನೆ. ಹಿಂದೆ 8 ಓಮ್, 86 ಡಿಬಿ, 100 ವ್ಯಾಟ್ ಅಂತ ಇದೆ. ನನ್ನ ಹಳೆ ಆಂಪ್ (ಆಂಪ್ಲಿಫೈಯರ್) ಚಾನೆಲ್‌ಗೆ, ಅಂದರೆ ಒಂದೊಂದು ಬದಿಗೆ, 40 ವ್ಯಾಟ್ ಅಷ್ಟೇ. ಬದಲಾಯಿಸಬೇಕಾ? ಕೂರುವುದು 3 ಮೀಟರ್ ದೂರದಲ್ಲಿ.

ಉತ್ತರ: ಸದ್ಯಕ್ಕೆ ಬೇಡ. ಆ 100 ವ್ಯಾಟ್ ಸ್ಪೀಕರ್ ಎಷ್ಟು ತಡೆದುಕೊಳ್ಳುತ್ತದೆ ಅನ್ನುವ ಲೆಕ್ಕ, ಎಷ್ಟು ಬೇಕು ಅನ್ನುವುದಲ್ಲ. ನೀವು ನೋಡಬೇಕಾದದ್ದು 86 ಡಿಬಿ (ಡೆಸಿಬೆಲ್, ಸದ್ದಿನ ಅಳತೆ). ಅಂದರೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆ. 3 ಮೀಟರ್ ದೂರಕ್ಕೆ ಸ್ವಲ್ಪ ಕಳೆದು, ಎರಡು ಸ್ಪೀಕರ್ ಮತ್ತು ಗೋಡೆಗಳ ಸಹಾಯ ಕೂಡಿಸಿದರೆ, 1 ವ್ಯಾಟ್‌ಗೆ ನಿಮ್ಮ ಕಿವಿಗೆ 80 ಡಿಬಿ ಆಸುಪಾಸು ಸಿಗುತ್ತದೆ. ಮನೆಯಲ್ಲಿ ಅದೇ ಜೋರು!

ಹಾಗಾದರೆ ಉಳಿದ ವ್ಯಾಟ್ ಯಾಕೆ? ಡ್ರಮ್‌ನ ಒಂದು ಏಟು ಸರಾಸರಿಗಿಂತ 10-15 ಡಿಬಿ ಮೇಲೆ ಹಾರುತ್ತದೆ. 10 ಡಿಬಿ ಜಾಸ್ತಿ ಬೇಕೆಂದರೆ 10 ಪಟ್ಟು ವ್ಯಾಟ್ ಬೇಕು. ಸರಾಸರಿ 80 ಇಟ್ಟು ಕೇಳಿದರೆ 15 ಡಿಬಿಯ ಏಟಿಗೆ 30 ವ್ಯಾಟ್ ಚಿಲ್ಲರೆ. ನಿಮ್ಮ 40ರಲ್ಲಿ ಆಗುತ್ತದೆ. ಅದನ್ನು 80 ಮಾಡಿದರೂ ಸಿಗುವುದು ಬರೀ 3 ಡಿಬಿ. ಅಷ್ಟಕ್ಕೆ ಹೊಸ ಆಂಪ್ ಕೊಳ್ಳಿ ಅಂತ ನಾನಂತೂ ಹೇಳುವುದಿಲ್ಲ.

ಇನ್ನೊಬ್ಬರು: ಆದರೆ ಸರ್, ನನ್ನದು 150 ವ್ಯಾಟ್ ಸ್ಪೀಕರ್, 30 ವ್ಯಾಟ್ ಆಂಪ್. ಆದರೂ ಟ್ವೀಟರ್ (ಡಬ್ಬಿಯೊಳಗೆ ಮೇಲಿನ ಸ್ವರ ನುಡಿಸುವ ಸಣ್ಣ ಸ್ಪೀಕರ್) ಸುಟ್ಟಿತು. ಅದು ಹೇಗೆ?

ಉತ್ತರ: ರಿಪೇರಿಗೆ ಬರುವ ಟ್ವೀಟರ್‌ಗಳಲ್ಲಿ ಈ ಕಥೆ ತುಂಬಾ ನೋಡಿದ್ದೇನೆ, ಪ್ರತಿ ಸಲ ಬೇಜಾರಾಗುತ್ತದೆ. ಜೋರಾಗಿ ಹಾಡು ಹಾಕಿ ವಾಲ್ಯೂಮ್ ಪೂರ್ತಿ ತಿರುಗಿಸಿದ್ದಿರಿ ಅಲ್ವಾ? ಆಂಪ್ ತನ್ನ ಮಿತಿ ದಾಟಿದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಇದೇ ಕ್ಲಿಪ್ಪಿಂಗ್. ಆಗ ಬೇಸ್ ಇನ್ನು ಏರುವುದಿಲ್ಲ, ಆದರೆ ಮೇಲಿನ ಸ್ವರಗಳು ಏರುತ್ತಲೇ ಹೋಗುತ್ತವೆ. ಅದೆಲ್ಲ ಟ್ವೀಟರ್ ಪಾಲಿಗೆ. ಡಬ್ಬಿಗೆ 150 ವ್ಯಾಟ್ ಅಂದರೂ ಟ್ವೀಟರ್‌ನ ಸಣ್ಣ ಕಾಯಿಲ್ ಅದರಲ್ಲಿ ಸ್ವಲ್ಪ ಪಾಲನ್ನಷ್ಟೇ ತಾಳುತ್ತದೆ. ಸದ್ದು ಒರಟಾಯಿತು, ಕಿವಿಗೆ ಚುಚ್ಚುತ್ತಿದೆ ಅನ್ನಿಸಿದ ಕ್ಷಣ ಇಳಿಸಿಬಿಡಿ. ನಾಬ್ ಅರ್ಧದಲ್ಲೇ ಇದೆ ಅಂತ ಧೈರ್ಯ ಬೇಡ. ಹಾಡಿನ ಸಿಗ್ನಲ್ ಜೋರಾಗಿದ್ದರೆ ಅರ್ಧಕ್ಕೇ ಆಂಪ್ ಪೂರ್ತಿ ಶಕ್ತಿ ಮುಟ್ಟಿರಬಹುದು.

ಮೊದಲು ಕೇಳಿದವರು: ಧನ್ಯವಾದ ಸರ್, ಹಳೆಯದನ್ನೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಮಾತು. ಅಣ್ಣನ ಹಳೆ ಸ್ಪೀಕರ್ ಜೊತೆಯೂ ಇದೆ, ಅದೂ 8 ಓಮ್. ಎರಡನ್ನೂ ಒಟ್ಟಿಗೆ ಹಾಕಬಹುದಾ?

ಉತ್ತರ: ಇಲ್ಲಿ ಜೋಪಾನ. ಓಮ್ ಅಂದರೆ ಕರೆಂಟ್‌ಗೆ ಸ್ಪೀಕರ್ ಒಡ್ಡುವ ತಡೆ. ಎರಡು 8 ಓಮ್ ಪ್ಯಾರಲಲ್ ಆದರೆ, ಅಂದರೆ ಒಂದೇ ಚಾನೆಲ್‌ಗೆ ಅಕ್ಕಪಕ್ಕ ಸೇರಿದರೆ, ಆಂಪ್‌ಗೆ ಕಾಣುವುದು 4 ಓಮ್. ಕರೆಂಟ್ ದುಪ್ಪಟ್ಟು, ಬಿಸಿಯೂ ಜಾಸ್ತಿ. ಅದೂ ಅಲ್ಲದೆ 8 ಓಮ್ ಅನ್ನುವುದು ಹೆಸರಿಗೆ. ಕೆಲವು ಸ್ವರಗಳಲ್ಲಿ ಅದು 6ಕ್ಕೋ 5ಕ್ಕೋ ಇಳಿದಿರುತ್ತದೆ. ಆಂಪ್ ಹಿಂಭಾಗ ನೋಡಿ. ಎ ಅಥವಾ ಬಿ (ಎರಡು ಜೊತೆ ಸ್ಪೀಕರ್ ಸಿಕ್ಕಿಸುವ ಜಾಗಗಳು) ಒಂದೇ ಇದ್ದರೆ ಇಷ್ಟು ಓಮ್, ಎರಡೂ ಇದ್ದರೆ ಪ್ರತಿ ಸ್ಪೀಕರ್ ಇಷ್ಟು ಓಮ್ ಅಂತ ಬೇರೆ ಬೇರೆ ಬರೆದಿರುತ್ತಾರೆ. ಎರಡಕ್ಕೂ 8 ಸಾಕು ಅಂತಿದ್ದರೆ ಹಾಕಿ. ಏನೂ ಬರೆದಿಲ್ಲದಿದ್ದರೆ ದಯವಿಟ್ಟು ಬೇಡ.

ವೈರ್ ಹಾಕುವಾಗ ಪ್ಲಸ್ ಪ್ಲಸ್‌ಗೇ ಹೋಗಲಿ. ಒಂದು ಕಡೆ ಅದಲುಬದಲಾದರೂ ಬೇಸ್ ಮಾಯವಾಗುತ್ತದೆ. ಆಗ ಜನ ಸುಮ್ನೆ ಆಂಪ್ ಮೇಲೆ ತಪ್ಪು ಹೊರಿಸುತ್ತಾರೆ.